ಜಾಲಿದಿಬ್ಬದ ಪಂಕ್ತಿ

ನಮ್ಮ ಜಾಲಿಪಾಳ್ಯದಲ್ಲಿ ಬೇಡ ಎನ್ನುವ ಮಾತು ಬಾಯಿಗೆ ಬರುವುದು ಎಲೆಯ ಮುಂದೆ ಕೂತಾಗ ಮಾತ್ರ. ಅದೂ ಇನ್ನೊಂದು ಸೌಟು ಬಡಿಸಲಿ ಎಂದು. ಉಳಿದಂತೆ ಯಾರು ಬಂದು ಏನು ಕೇಳಿದರೂ ‘ಅದಕ್ಕೇನಂತೆ, ಬನ್ನಿ’ ಎನ್ನುವ ಊರು. ಕೊಡಿಗೇನಹಳ್ಳಿ ದಾರಿಯಲ್ಲಿ ಕೊನೆಯ ಬಸ್ಸು ತಪ್ಪಿಸಿಕೊಂಡು ನಿಂತ ಅಪರಿಚಿತನನ್ನು ಕರೆತಂದು, ಮುದ್ದೆ ಹಾಕಿ, ಚಾಪೆ ಹಾಸಿ, ಬೆಳಗ್ಗೆ ಎದ್ದ ಮೇಲೆ ಹೆಸರು ಕೇಳುವ ಜನ. ಇಂಥ ಊರಿಗೆ ಸೊಸೆಯಾಗಿ ಬಂದ ಮಂಗಳಾಗೆ, ಇಲ್ಲ ಎಂದು ಹೇಳುವುದೇ ಒಂದು ಕೆಲಸವಾಗಿಬಿಟ್ಟಿತು.

ದಿಬ್ಬದ ವಿಷಯ ಮೊದಲು ಹೇಳಿಬಿಡುತ್ತೇನೆ. ನಮ್ಮ ಕೆರೆಯ ನಡುವೆ ಒಂದು ಹಾಸುಬಂಡೆ ಇದೆ. ಕೆರೆ ಒಣಗಿದ್ದ ಕಾಲದಲ್ಲಿ ಹೂಳೆತ್ತಿದಾಗಲೆಲ್ಲ ಮಣ್ಣನ್ನು ಏರಿಯವರೆಗೆ ಹೊರಲಾರದೆ ಆ ಬಂಡೆಯ ಬೆನ್ನಿಗೇ ಸುರಿದರು. ಅರಣ್ಯ ಇಲಾಖೆಯವರು ಬಂದು ಅದರ ಮೇಲೆ ಕರಿಜಾಲಿ ನೆಟ್ಟು ಹೋದರು. ಆಮೇಲೆ ಜಯಮಂಗಲಿ ಹೊಳೆ ಸೇತುವೆ ಮುಟ್ಟಿ ಹರಿದ ವರ್ಷ ನಮ್ಮ ಕೆರೆಯೂ ಕೋಡಿ ಬಿತ್ತು. ಮಣ್ಣಿನ ಗುಡ್ಡೆ ಹೋಗಿ ದ್ವೀಪವಾಯಿತು. ದ್ವೀಪ ಎಂದು ನಾವ್ಯಾರೂ ಅನ್ನುವುದಿಲ್ಲ. ನಮಗದು ಜಾಲಿದಿಬ್ಬ. ಅದರ ಮುಂದಿನ ಮಾಘದಲ್ಲಿ ಬಣ್ಣದ ಕೊಕ್ಕರೆಗಳು ಬಂದವು. ಹಳದಿ ಕೊಕ್ಕು, ಬಾಲದ ಬುಡದಲ್ಲಿ ಗುಲಾಲು ಎರಚಿದಂಥ ಬಣ್ಣ. ಜಾಲಿಮರಗಳ ನೆತ್ತಿಯೆಲ್ಲ ಗೂಡಾಯಿತು. ಸಿರಾ ಕಡೆಯ ಕಗ್ಗಲಡುವಿನಲ್ಲಿ ಜಾಗ ಸಾಲದೆ ಇಲ್ಲಿಗೆ ಬಂದವು ಎಂದು ಮೀನು ಹಿಡಿಯುವ ಜುಂಜಪ್ಪನ ಅಂಬೋಣ. ಅವನನ್ನು ಕೊಕ್ಕರೆ ಬಂದು ಕೇಳಿಕೊಂಡಿತ್ತೇನೋ ಗೊತ್ತಿಲ್ಲ.

ಕೊಕ್ಕರೆಯ ಹಿಂದೆ ಕ್ಯಾಮೆರಾದವರು ಬಂದರು. ಕ್ಯಾಮೆರಾದವರ ಹಿಂದೆ ಊರಾಚೆಯ ಒಬ್ಬ ಕಂಟ್ರಾಕ್ಟರು ಬಂದ. ಮೋಟರ್ ಬೋಟು, ದಿಬ್ಬದ ಮೇಲೆ ತಗಡಿನ ಚಪ್ಪರ, ಬಣ್ಣದ ಲೈಟು, ಹೃದಯದ ಆಕಾರದ ಸೆಲ್ಫಿ ಪಾಯಿಂಟು, ಎಲ್ಲದರ ಚಿತ್ರವನ್ನೂ ಮೊಬೈಲಿನಲ್ಲಿ ತೋರಿಸಿದ. ಪಂಚಾಯ್ತಿ ಅಧ್ಯಕ್ಷ ಪ್ರಭುದೇವ್ ಕೆಟ್ಟವನಲ್ಲ. ಊರು ಮುಂದಕ್ಕೆ ಬರಬೇಕು ಎನ್ನುವ ಆಸೆ ಅವನಿಗೆ ಸ್ವಲ್ಪ ಜಾಸ್ತಿ, ಅಷ್ಟೇ.

ಮಂಗಳಾ ಮಾತ್ರ ಅಂದು ಪಂಚಾಯ್ತಿ ಕಟ್ಟೆಗೆ ಹೋಗಿ ನಿಂತಳು. ಅವಳ ತವರು ಪಾವಗಡದ ತಿರುಮಣಿ. ಅಪ್ಪನ ಹೊಲ ಸೋಲಾರ್ ಪಾರ್ಕಿಗೆ ಗುತ್ತಿಗೆಗೆ ಹೋಗಿದೆ. ಗುತ್ತಿಗೆ ಸರಿಯಾಗಿ ಬರುತ್ತದೆ, ಅದರ ಬಗ್ಗೆ ಅವಳಿಗೆ ದೂರಿಲ್ಲ. ಆದರೆ ಚಿಕ್ಕಂದಿನಲ್ಲಿ ತಾನು ಹತ್ತಿದ ಬೇವಿನಮರವನ್ನು ಈಗ ಬೇಲಿಯ ಹೊರಗಿನಿಂದ ಅಂದಾಜು ಮಾಡಬೇಕು, ಇಲ್ಲಿತ್ತು, ಇಲ್ಲ ಅಲ್ಲಿತ್ತು ಎಂದು.

“ಅಣ್ಣಾ, ದಿಬ್ಬಕ್ಕೂ ಒಂದು ಗೇಟು ಬ್ಯಾಡ. ನಮ್ ಹೆಂಗಸ್ರ ಸಂಘಕ್ಕೆ ಕೊಡಿ. ಜುಂಜಪ್ಪನ ಹರಿಗೋಲೈತೆ, ನಮ್ ಅತ್ತಮ್ಮನ ಕೈ ಅಡುಗೆ ಐತೆ. ಸ್ವಲ್ಪ ಜನ ಬರ್ಲಿ, ಸುಮ್ಕೆ ಕೂತು ನೋಡ್ಲಿ, ಉಂಡು ಹೋಗ್ಲಿ. ಕೊಕ್ಕರೆಗಳು ಮುಂದಿನ ವರ್ಷಾನೂ ಬರ್ಬೇಕಲ್ಲ” ಎಂದಳು.

ಒಂದು ತಿಂಗಳು ಮಾಡಿ ತೋರಿಸಿ ಎಂದು ಪ್ರಭುದೇವ್ ಒಪ್ಪಿದ. ಜಿಲ್ಲಾ ಕಚೇರಿಯಿಂದ ಅಶ್ವಿನಿ ಎಂಬ ಅಧಿಕಾರಿ ಬಂದು ಹರಿಗೋಲಿನಲ್ಲಿ ಕೂತು, ಎಲ್ಲ ನೋಡಿ, ನಿಯಮ ಮಾಡಿಕೊಟ್ಟರು. ಎರಡು ಹರಿಗೋಲು, ಒಂದೊಂದರಲ್ಲಿ ಆರು ಜನ. ಬಿಸಿಲೇರುವ ಮುಂಚೆ ದಿನಕ್ಕೆ ಮೂರೇ ಸುತ್ತು. ಈಚೆಯ ಬಂಡೆಯ ಮೇಲೆ ಮಾತ್ರ ಕೂರಬೇಕು, ಮರದ ಹತ್ತಿರ ಹೋಗಕೂಡದು. ಗದ್ದಲಕ್ಕೆ ತಾಯಿಕೊಕ್ಕರೆ ಎದ್ದರೆ ಕಾಗೆ ಬಂದು ಮೊಟ್ಟೆ ಕುಕ್ಕುತ್ತದೆ, ಮರಿಗೆ ಬಿಸಿಲು ಬಡಿಯುತ್ತದೆ.

ಹೊರಡುವಾಗ ಆಕೆ ಮಂಗಳಾಳ ಮುಖ ನೋಡಿ ಕೇಳಿದರು: “ದೋಣಿ ಸರಿ, ಊಟ ಸರಿ. ಜಾಸ್ತಿ ಜನ ಬಂದ್ರೆ ಸಾಕು ಅಂತ ಹೇಳೋರು ಯಾರು?”

“ನಾನೇ ಹೇಳ್ತೀನಿ ಮೇಡಂ.”

“ನಿಮಗೆ ಇಲ್ಲ ಅನ್ನೋಕೆ ಬರುತ್ತಾ?”

ಪಕ್ಕದಲ್ಲಿ ನಿಂತಿದ್ದ ಗಂಗರತ್ನಮ್ಮ, ಮಂಗಳಾಳ ಅತ್ತೆ, ನಕ್ಕುಬಿಟ್ಟಳು. “ಇವ್ಳಿಗಾ? ಎಮ್ಮೆ ಬಂದು ಹೂವಿನ ಗಿಡ ತಿಂತಿದ್ರೂ ನೀರು ಕುಡೀತೀಯಾ ಅಂತಾಳೆ ಕಣಮ್ಮ.”

ತಿಂಗಳೇನೋ ಚೆನ್ನಾಗಿಯೇ ನಡೆಯಿತು. ಬೆಂಗಳೂರಿನಿಂದ ಉದ್ದ ಲೆನ್ಸು ಹಿಡಿದು ಬಂದವರಿಗೆ ‘ಇವತ್ತಿಗೆ ಆಯ್ತು ಸಾರ್, ನಾಳೆ ಬನ್ನಿ’ ಎಂದು ಮಂಗಳಾ ಸಣ್ಣ ದನಿಯಲ್ಲಾದರೂ ಹೇಳಿದಳು. ಹೇಳಿ, ಪಾಪ ಎಂದು ಮಜ್ಜಿಗೆ ಕೊಟ್ಟು ಕಳಿಸಿದಳು. ಒಂದು ಹರಿಗೋಲಿಗೆ ಜುಂಜಪ್ಪ ಹುಟ್ಟು ಹಾಕಿದರೆ ಇನ್ನೊಂದಕ್ಕೆ ಅವನ ಹೆಂಡತಿ ಶಿವಲಕ್ಷ್ಮಿ. ಏರಿಯ ಕೆಳಗೆ ಹುಣಸೆಮರದ ನೆರಳಿನಲ್ಲಿ ಗಂಗರತ್ನಮ್ಮನ ಮುದ್ದೆ, ಬಸ್ಸಾರು, ಹುಚ್ಚೆಳ್ಳು ಚಟ್ನಿ. ಉಂಡವರು ಕೊಕ್ಕರೆಗಿಂತ ಚಟ್ನಿಯ ಫೋಟೋವನ್ನೇ ಹೆಚ್ಚು ತೆಗೆದುಕೊಂಡು ಹೋದರು. ಆ ಫೋಟೋ ನೋಡಿದವರು ಫೋನು ಮಾಡಿ, ತಿಂಗಳಾಚೆಯ ದಿನಗಳಿಗೂ ಜಾಗ ಕೇಳಿಟ್ಟರು.

ಕೊನೆಯ ಭಾನುವಾರ ಅಶ್ವಿನಿ ಮೇಡಂ ಮತ್ತೆ ಬಂದು ನೋಡುವುದು, ಅವರ ಮಾತಿನ ಮೇಲೆ ದಿಬ್ಬ ಸಂಘಕ್ಕೋ ಕಂಟ್ರಾಕ್ಟರಿಗೋ ಎಂದು ಪಂಚಾಯ್ತಿ ತೀರ್ಮಾನಿಸುವುದು, ಎಂದು ನಿಗದಿಯಾಗಿತ್ತು.

ಆ ಭಾನುವಾರ ಬೆಳಗ್ಗೆ ಏರಿಯ ಮೇಲೆ ಮೊದಲು ಕಂಡದ್ದು ಬಡವನಹಳ್ಳಿ ಕಡೆಯ ಒಂದು ಆಟೋ. ಅದರ ಹಿಂದೆ ಇನ್ನೊಂದು. ಆಮೇಲೆ ಹಿಂದೂಪುರದ ನಂಬರಿನ ಟೆಂಪೋ, ಅದರ ತುಂಬ ಹೆಂಗಸರು, ಮಕ್ಕಳು, ಒಂದು ಹಲಸಿನಹಣ್ಣು. ಸಿರಾದಿಂದ ಬೈಕುಗಳು. ಇಳಿದವರೆಲ್ಲ ಮಡಿ ಸೀರೆ, ಇಸ್ತ್ರಿ ಪಂಚೆ. ಇಳಿದು ಕೆರೆಯ ಕಡೆ ನೋಡಲಿಲ್ಲ, ಊರಿನ ಕಡೆ ನೋಡಿ ಕೈಬೀಸಿದರು.

ಮಂಗಳಾ ಒಲೆಯ ಹತ್ತಿರ ಓಡಿದಳು. “ಅತ್ತಮ್ಮಾ, ಇವ್ರೆಲ್ಲ ಯಾರು?”

“ನಮ್ಮೋರೇ” ಎಂದಳು ಗಂಗರತ್ನಮ್ಮ. ಒಲೆಯ ಕಡೆ ತಿರುಗಿಕೊಂಡು, ಮೆಲ್ಲಗೆ, “ನಾನು ಒಬ್ರಿಗೇ ಕಣೇ ಹೇಳಿದ್ದು. ಕೊನೇ ಭಾನುವಾರ, ಆಮ್ಯಾಲೆ ಇರ್ತದೋ ಇಲ್ವೋ, ಬಂದು ನೋಡ್ಕಂಡು ಹೋಗ್ಲಿ ಅಂತ.”

ಊರಿನಲ್ಲಿ ವಿಚಾರಿಸಿದರೆ ಎಲ್ಲರೂ ಒಬ್ಬರಿಗೇ ಹೇಳಿದ್ದರು. ಶಿವಲಕ್ಷ್ಮಿ ತನ್ನ ಅಕ್ಕನಿಗೆ. ಅಂಗಡಿಯವನು ಭಾಮೈದನಿಗೆ. ಪ್ರಭುದೇವ್ ತನ್ನ ಹೆಂಡತಿಯ ತವರಿಗೆ. ನಾನೂ ಒಬ್ಬರಿಗೆ ಹೇಳಿದ್ದೆ, ಅದನ್ನು ಮುಚ್ಚಿಡುವುದೇಕೆ. ಒಂದು ಮನೆಗೆ ಒಬ್ಬರು, ಆ ಒಬ್ಬರ ಹಿಂದೆ ಅವರ ಮನೆ. ಹೊರಗಿನವರಿಗೆ ಬಾಗಿಲು ಕಾದ ಊರು, ನೆಂಟರಿಗೂ ಲೆಕ್ಕ ಇರುತ್ತದೆ ಎಂದು ಯೋಚಿಸಿಯೇ ಇರಲಿಲ್ಲ.

ಇದರ ನಡುವೆ ಫೋನು ಮಾಡಿ ಜಾಗ ಕಾದಿರಿಸಿ ಬಂದವರು ಒಂದು ಮೂಲೆಯಲ್ಲಿ ಬ್ಯಾಗು ತಬ್ಬಿಕೊಂಡು ನಿಂತಿದ್ದರು. ಮಧುಗಿರಿಯ ವಯಸ್ಸಾದ ಗಂಡಹೆಂಡತಿ, ಕಾಲೇಜಿನ ಕೆಲವು ಹುಡುಗಿಯರು, ತುಮಕೂರಿನ ಒಂದು ಸಂಸಾರ. ಹರಿಗೋಲಿನ ಸುತ್ತ ನೆಂಟರು ಮುತ್ತಿದ್ದರು. ಮಕ್ಕಳು ಆಗಲೇ ಒಳಗೆ ಹತ್ತಿ ಕುಣಿಯುತ್ತಿದ್ದವು.

“ಇಳೀರ್ಲಾ, ತಳ ಕಿತ್ತೋಯ್ತದೆ” ಎಂದು ಜುಂಜಪ್ಪ ಹುಟ್ಟನ್ನು ಅಡ್ಡ ಹಿಡಿದ.

“ಏನ್ ಮಾವ, ನಮ್ಮನ್ನೇ ಇಳ್ಸ್ತೀಯಾ? ನಿನ್ ಮದುವೇಲಿ ನಿನ್ನನ್ನ ಹೊತ್ಕಂಡ್ ಬಂದಿದ್ದು ನಾನೇ” ಎಂದ ಅವನ ಹೆಂಡತಿಯ ಕಡೆಯವನೊಬ್ಬ.

“ಅದಕ್ಕೇ ಕಣ್ಲಾ ನಿನ್ ಮ್ಯಾಲೆ ಸಿಟ್ಟು.”

ಎಲ್ಲರೂ ಗೊಳ್ಳೆಂದು ನಕ್ಕರು. ಆ ನಗು ನೀರಿನ ಮೇಲೆ ಹೋಗಿ ದಿಬ್ಬಕ್ಕೆ ತಾಕಿತು. ಈಚೆ ಬದಿಯ ಜಾಲಿಯಿಂದ ಕೊಕ್ಕರೆಗಳು ದಬದಬ ಎದ್ದವು. ಎಲ್ಲಿದ್ದವೋ, ಕಾಗೆಗಳು ಬಂದವು. ಅಷ್ಟರಲ್ಲಿ ಅಶ್ವಿನಿ ಮೇಡಂ ಜೀಪಿನಿಂದ ಇಳಿದು ಕಣ್ಣಿಗೆ ಕೈ ಅಡ್ಡ ಹಿಡಿದು ಅದನ್ನೇ ನೋಡುತ್ತಿದ್ದರು. ಪ್ರಭುದೇವ್ ಅವರ ಪಕ್ಕಕ್ಕೆ ಹೋಗಿ, “ನೋಡಿ ಮೇಡಂ ಎಷ್ಟು ಜನ. ಮೋಟರ್ ಬೋಟಿದ್ದಿದ್ರೆ ಒಂದ್ ಗಂಟೇಲಿ ಎಲ್ಲಾರ್ನೂ ದಾಟಿಸ್ಬೋದಿತ್ತು” ಎಂದ. ಅವರು ಮಂಗಳಾಳನ್ನು ಹುಡುಕಿ ನೋಡಿದರು.

ಮಂಗಳಾ ಹರಿಗೋಲಿನ ಮುಂದೆ ನಿಂತಿದ್ದಳು. ಅವಳ ಎದುರಿಗೆ ಸಿದ್ದಗಂಗಯ್ಯ.

ಸಿದ್ದಗಂಗಯ್ಯ ಎಂದರೆ ಗಂಗರತ್ನಮ್ಮನ ಮಗಳ ಮಾವ, ಕೊರಟಗೆರೆ ಕಡೆಯ ಬೀಗರು. ಗಂಗರತ್ನಮ್ಮ ಹೇಳಿದ ಆ ‘ಒಬ್ಬರು’ ಇವರೇ. ಒಳ್ಳೆಯ ಮನುಷ್ಯ, ಆದರೆ ಮರ್ಯಾದೆಯ ವಿಷಯದಲ್ಲಿ ಹಾಲಿನ ಪಾತ್ರೆ ಇದ್ದಹಾಗೆ, ಕಣ್ಣು ತಪ್ಪಿದರೆ ಉಕ್ಕುತ್ತಾರೆ. ಹೋದ ವರ್ಷ ಈ ಮನೆಯ ಗೃಹಪ್ರವೇಶದಲ್ಲಿ ತಮಗಿಂತ ಮುಂಚೆ ಇನ್ನೊಬ್ಬರಿಗೆ ಕಾಫಿ ಕೊಟ್ಟರೆಂದು ಉಣ್ಣದೆ ಎದ್ದು ಹೋಗಿದ್ದರು. ಗಂಗರತ್ನಮ್ಮನ ಮಗಳು ಆ ಕಾಫಿಯ ಮಾತನ್ನು ಯುಗಾದಿಯವರೆಗೆ ಕೇಳಿದ್ದಳು. ಈಗ ಬೀಗರು ಹೊಸ ವಲ್ಲಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡು, ಚಪ್ಪಲಿ ಬಿಟ್ಟು, ಒಂದು ಕಾಲು ಎತ್ತಿ ಸಿದ್ಧರಾಗಿದ್ದರು.

“ಏನಮ್ಮ, ಹತ್ಲಾ?”

ಮಂಗಳಾ ಬಾಯಿ ತೆರೆದಳು. ಹಿಂದೆ ಬ್ಯಾಗು ತಬ್ಬಿಕೊಂಡವರು, ಮೇಲೆ ಕಾಗೆ, ಮುಂದೆ ನಾದಿನಿಯ ಮಾವ. ಇಲ್ಲ ಎನ್ನುವ ಮಾತು ಬರಲಿಲ್ಲ. ಅತ್ತೆಯ ಕಡೆ ತಿರುಗಿದಳು. ಗಾಬರಿಯಾದಾಗ ಅವಳ ಬಾಯಲ್ಲಿ ತಿರುಮಣಿಯ ತೆಲುಗೇ ಬರುವುದು. “ಇಪ್ಪುಡು ಏಂ ಚೇಸೇದಿ ಅತ್ತಮ್ಮಾ” ಎಂದಳು, ಈಗೇನು ಮಾಡಲಿ ಎಂದು. ಕಣ್ಣಲ್ಲಿ ನೀರು ತುಂಬಿತ್ತು.

ಗಂಗರತ್ನಮ್ಮ ಮುದ್ದೆಕೋಲನ್ನು ಕೆಳಗಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡು ಇಳಿದು ಬಂದಳು. ತನ್ನ ತಪ್ಪು ತನಗೆ ಗೊತ್ತಿದ್ದವಳ ನಡಿಗೆ ಅದು. ಹರಿಗೋಲು ಕಟ್ಟುವ ಹಗ್ಗ ನೆಲದ ಮೇಲೆ ಬಿದ್ದಿತ್ತು. ಅದನ್ನು ಎತ್ತಿಕೊಂಡಳು.

“ಬೀಗ್ರೇ, ಒಂದ್ ಮಾತು. ನಿಮ್ ಕಡೆ ಯಾರ್ ಮದುವೆಯಾದ್ರೂ ಊಟದ ಚಪ್ಪರದ ಬಾಗ್ಲಲ್ಲಿ ಹಗ್ಗ ಹಿಡ್ಕಂಡು ನಿಲ್ಲೋರು ಯಾರು?”

“ನಾನೇ” ಎಂದರು ಸಿದ್ದಗಂಗಯ್ಯ. ಕಾಲು ಇನ್ನೂ ಎತ್ತಿಯೇ ಇತ್ತು.

“ನೀವು ನಿಂತ್ರೆ ಜನ ನುಗ್ತಾರಾ?”

“ನುಗ್ಲಿ ನೋಡಾನ.”

“ಮತ್ತೆ ಇಲ್ಲಿ ಹೆಂಗೆ ನುಗ್ತಾವ್ರೆ ನೋಡಿ. ನಿಮ್ ಸೊಸೆ ತವರಿನ ಪಂಕ್ತಿ ಕೆಟ್ಟೋಗ್ತೈತೆ. ನೀವ್ ಇದ್ದೂ ಇಂಗಾದ್ರೆ ನಾಳೆ ಜನ ಏನಂತಾರೆ? ಈ ಹುಡ್ಗಿ ಒಬ್ಳೇ ಏನ್ ಮಾಡ್ತಾಳೆ, ನೀವೇ ಹೇಳಿ.”

ಸಿದ್ದಗಂಗಯ್ಯ ಎತ್ತಿದ ಕಾಲನ್ನು ಇಳಿಸಿದರು. ಹರಿಗೋಲಿನ ಒಳಕ್ಕಲ್ಲ, ನೆಲಕ್ಕೆ. ತಿರುಗಿ ಜನವನ್ನು ನೋಡಿದರು. ಆ ನೋಟ ನಮ್ಮ ಸೀಮೆಯವರಿಗೆ ಗೊತ್ತು. ಎಲೆ ಹಾಸಿದ ಮೇಲೆ ಚಪ್ಪರದ ಬಾಗಿಲಲ್ಲಿ ಒಬ್ಬರು ನಿಂತು, ಎಷ್ಟು ಎಲೆ, ಎಷ್ಟು ತಲೆ ಎಂದು ಒಂದೇ ಸಲಕ್ಕೆ ಅಳೆಯುವ ನೋಟ. ವಲ್ಲಿಯನ್ನು ಹೆಗಲಿನಿಂದ ತೆಗೆದು ಸೊಂಟಕ್ಕೆ ಬಿಗಿದರು.

“ಪಂಕ್ತಿಗೆ ಎಷ್ಟೆಲೆ?” ಎಂದು ಮಂಗಳಾಳನ್ನು ಕೇಳಿದರು.

“ಹನ್ನೆರಡು, ಮಾವ.”

“ಎಷ್ಟು ಪಂಕ್ತಿ?”

“ಮೂರೇ. ಬಿಸ್ಲೇರಿದ್ ಮ್ಯಾಲೆ ಇಲ್ಲ.”

“ಮಿಕ್ಕೋರು?”

ಮಂಗಳಾ ಏರಿಯ ತುಂಬ ನಿಂತಿದ್ದ ನೆಂಟರನ್ನು ನೋಡಿದಳು.

“ಮಿಕ್ಕೋರು ಇನ್ನೊಂದ್ ಮದುವೇಗೆ ಬರ್ತಾರೆ ಬುಡು” ಎಂದು ತಾವೇ ಉತ್ತರ ಹೇಳಿಕೊಂಡು, ಹುಣಸೆಮರಕ್ಕೂ ಹೊಂಗೆಮರಕ್ಕೂ ನಡುವೆ ಹಗ್ಗ ಕಟ್ಟಿದರು.

ಆಮೇಲೆ ನಡೆದದ್ದನ್ನು ನೋಡಬೇಕಿತ್ತು. ಕೂಗಲಿಲ್ಲ, ಗದರಿಸಲಿಲ್ಲ. ಪಂಕ್ತಿ ವಿಚಾರಿಸುವವರು ಕೂಗುವುದಿಲ್ಲ, ಅಂಗೈಯಲ್ಲೇ ಮಾತಾಡುತ್ತಾರೆ. ಅಂಗೈ ತೋರಿಸಿದರೆ ನಿಲ್ಲಬೇಕು. ಬೆರಳು ಆಡಿಸಿದರೆ ಬರಬೇಕು. ಹರಿಗೋಲಿನಲ್ಲಿದ್ದ ಮಕ್ಕಳು ತಾವಾಗಿಯೇ ಇಳಿದವು, ಮದುವೆಮನೆಯಲ್ಲಿ ಈ ಅಂಗೈ ನೋಡಿದ್ದ ಮಕ್ಕಳೇ ಅವು.

“ಫೋನ್ ಮಾಡಿ ಬಂದಿರೋ ಹೊರಗ್ನೋರು ಮೊದ್ಲು. ಮನೆಯೋರು ಕೊನೇಲಿ” ಎಂದರು ಸಿದ್ದಗಂಗಯ್ಯ. ಮಧುಗಿರಿಯ ದಂಪತಿಗಳನ್ನು ಬೆರಳಾಡಿಸಿ ಕರೆದರು.

ಇಸ್ತ್ರಿ ಪಂಚೆಯ ಒಬ್ಬ ಮುಂದೆ ಬಂದ. “ಅಲ್ಲ, ನಾನು ಜುಂಜಪ್ಪನ ಸ್ವಂತ ಷಡ್ಡಕ.”

“ಅಂಗಾದ್ರೆ ನೀನು ಮನೆಯೋನೋ, ಹೊರಗ್ನೋನೋ?”

ಹೊರಗಿನವನು ಎಂದು ಯಾರು ತಾನೇ ಹೇಳುತ್ತಾರೆ? ಅವನು ಹೆಂಡತಿಯ ಮುಖ ನೋಡಿದ. ಹೆಂಡತಿ ತನ್ನ ತಂಗಿ ಶಿವಲಕ್ಷ್ಮಿಯ ಮುಖ ನೋಡಿದಳು. “ಮನೆಯೋನೇ” ಎಂದ.

“ಮತ್ತೆ ಮನೆಯೋನಂಗೆ ಹೋಗಿ ಮುದ್ದೆ ತಿರುವು. ಗಂಗರತ್ನಮ್ನೋರಿಗೆ ಕೈ ಸಾಲ್ದು.”

ಹೀಗೆ ಒಬ್ಬೊಬ್ಬರನ್ನೂ ಕೇಳಿ ಒಬ್ಬೊಬ್ಬರನ್ನೂ ಕಳಿಸಿದರು. ಸಿರಾದಿಂದ ಬೈಕಿನಲ್ಲಿ ಬಂದವರು ನೀರು ಹೊತ್ತರು. ಹಿಂದೂಪುರದ ಹೆಂಗಸರು ಸೀರೆ ಎತ್ತಿಕಟ್ಟಿಕೊಂಡು ಸೊಪ್ಪು ಸೋಸುತ್ತ ಕೂತರು. ತೆಲುಗಿನಲ್ಲಿ ಶುರುವಾದ ಅವರ ಹರಟೆ ಕನ್ನಡದಲ್ಲಿ ಮುಗಿಯುತ್ತಿತ್ತು. ಯಾರ ಮುಖದಲ್ಲೂ ಬೇಸರ ಕಾಣಲಿಲ್ಲ. ಮನೆಯವರು ಎನ್ನಿಸಿಕೊಂಡ ಮೇಲೆ ಬೇಸರ ಹೇಗೆ ಮಾಡಿಕೊಳ್ಳುವುದು? ಪ್ರಭುದೇವ್ ತನ್ನ ಹೆಂಡತಿಯ ಅಣ್ಣನನ್ನು ಹಗ್ಗದ ಪಕ್ಕದಿಂದ ಮೆಲ್ಲಗೆ ದಾಟಿಸಲು ನೋಡಿದ. ಅಂಗೈ ಬಂತು.

“ನಾನು ಅಧ್ಯಕ್ಷ” ಎಂದ ಪ್ರಭುದೇವ್.

“ಊರಿಗೇ ಯಜಮಾನ್ರು ಅನ್ನಿ. ಯಜಮಾನ ಮೊದ್ಲು ಉಂಡ್ರೆ ನೆಂಟ್ರು ಏನಂದ್ಕತಾರೆ?”

ಅಧ್ಯಕ್ಷನೂ ಅವನ ಭಾವಮೈದನೂ ಹಲಸಿನಹಣ್ಣು ಬಿಡಿಸಲು ಹೋದರು.

ಅಶ್ವಿನಿ ಮೇಡಂ ಬಂದಾಗಲೂ ಅಂಗೈ ಬಂತು. “ನೀವ್ ಯಾರ್ ಕಡೆಯೋರಮ್ಮ?”

“ಆಫೀಸ್ ಕಡೆಯೋಳು” ಎಂದರು ಆಕೆ ನಗು ತಡೆದುಕೊಂಡು.

“ಆಫೀಸ್ ಕಡೆಯೋರು ಎರಡನೇ ಪಂಕ್ತಿ. ಮಜ್ಜಿಗೆ ಕುಡೀತಿರಿ.”

ಮೊದಲ ಪಂಕ್ತಿ ದಿಬ್ಬ ಮುಟ್ಟುವ ಹೊತ್ತಿಗೆ ಏರಿಯ ಮೇಲೆ ಸದ್ದೇ ಇರಲಿಲ್ಲ. ಮುದ್ದೆ ತಿರುವುವವರಿಗೂ ಸೊಪ್ಪು ಸೋಸುವವರಿಗೂ ಕೆಲಸವಿತ್ತು. ಎದ್ದಿದ್ದ ಕೊಕ್ಕರೆಗಳು ಒಂದು ಸುತ್ತು, ಎರಡು ಸುತ್ತು ಹಾಕಿ, ಉದ್ದ ಕಾಲುಗಳನ್ನು ಮುಂದಕ್ಕೆ ಚಾಚಿ ಗೂಡಿಗೆ ಇಳಿದವು. ಕಾಗೆಗಳು ಹುಣಸೆಮರಕ್ಕೆ ಬಂದು ಮುದ್ದೆಯ ಕಡೆ ನೋಡಿದವು. ಮಂಗಳಾ ಅದನ್ನು ನೋಡುತ್ತ ನಿಂತವಳು, ಉಸಿರು ಬಿಟ್ಟಳು. ಆಮೇಲೆ ಹಗ್ಗದ ಇನ್ನೊಂದು ತುದಿಗೆ ಹೋಗಿ ನಿಂತುಕೊಂಡಳು. ಸಿದ್ದಗಂಗಯ್ಯ ಸ್ವಲ್ಪ ಸರಿದು ಜಾಗ ಕೊಟ್ಟರು. ಎರಡನೇ ಪಂಕ್ತಿಯಲ್ಲಿ ಅರ್ಧ ಜನರನ್ನು ಅವಳೇ ಕರೆದಳು. ಅಂಗೈ ಮಾತ್ರ ಇನ್ನೂ ಅವಳಿಗೆ ಬರಲಿಲ್ಲ, ಕೈ ಮುಗಿಯುವ ಹಾಗೆ ಆಗುತ್ತಿತ್ತು.

“ಕೈ ಅಷ್ಟು ಬಗ್ಗಿಸ್ಬ್ಯಾಡ. ದೇವ್ರು ಬಂದಂಗೆ ಒಳಕ್ಕೇ ಬತ್ತಾರೆ” ಎಂದರು ಅವರು.

ಮೂರನೇ ಪಂಕ್ತಿಗೆ ಮನೆಯವರಲ್ಲಿ ಮುದುಕರು, ಕೈಕೂಸಿನ ತಾಯಂದಿರು ಹೋದರು. ಜುಂಜಪ್ಪ ಹರಿಗೋಲನ್ನು ತಂದು ದಡಕ್ಕೆ ತಾಗಿಸಿದಾಗ ಬಿಸಿಲು ಏರಿತ್ತು. ತಾಯಿಕೊಕ್ಕರೆಗಳು ಗೂಡಿನ ಮೇಲೆ ನಿಂತು ರೆಕ್ಕೆ ಬಿಡಿಸಿ ಮರಿಗಳಿಗೆ ನೆರಳು ಹಿಡಿಯುವ ಹೊತ್ತು. ಜುಂಜಪ್ಪನಿಗೆ ಬೀಗರ ಮೇಲೆ ಅಕ್ಕರೆ ಬಂದುಬಿಟ್ಟಿತ್ತು.

“ಬನ್ನಿ ಯಜಮಾನ್ರೇ, ನೀವೊಬ್ರೇ. ಒಂದ್ ಗಳಿಗೆ ಹೋಗಿ ಬಂದ್ಬುಡಾನ. ಯಾರ್ ಕೇಳ್ತಾರೆ?”

ಎಲ್ಲರೂ ಮಂಗಳಾಳ ಕಡೆ ನೋಡಿದರು. ಅಶ್ವಿನಿ ಮೇಡಮ್ಮೂ ನೋಡಿದರು. ಮಂಗಳಾ ಏನೋ ಹೇಳಲು ಹೊರಟಳು, ಅಷ್ಟರಲ್ಲಿ ಸಿದ್ದಗಂಗಯ್ಯನೇ ಸೊಂಟದ ವಲ್ಲಿ ಬಿಚ್ಚಿ ಮುಖ ಒರೆಸಿಕೊಂಡರು.

“ಎಲೆ ಎತ್ತಿದ್ ಮ್ಯಾಲೆ ಯಾರಾದ್ರೂ ಎಲೆ ಹಾಕ್ತಾರೇನಯ್ಯಾ? ಕಟ್ಟಾಕು ಹರಿಗೋಲ.”

ದೂರದಿಂದ ದಿಬ್ಬವನ್ನು ಒಂದು ಸಲ ನೋಡಿ, ಕೈಕಾಲು ತೊಳೆದು ಬಂದು, ಎಲ್ಲರಿಗಿಂತ ಕೊನೆಯಲ್ಲಿ ಉಣ್ಣಲು ಕೂತರು. ಗಂಗರತ್ನಮ್ಮ ಪಕ್ಕದಲ್ಲೇ ನಿಂತು ಬಡಿಸಿದಳು. ಕಾಫಿಯನ್ನೂ ಮೊದಲೇ ತಂದಿಟ್ಟಳು, ಮುದ್ದೆಗೂ ಮುಂಚೆ. ಅವರು ಲೋಟವನ್ನು ನೋಡಿದರು, ಗಂಗರತ್ನಮ್ಮನನ್ನು ನೋಡಿದರು. “ಇನ್ನೂ ಮರ್ತಿಲ್ವಾ ನೀವು” ಎಂದು ನಕ್ಕರು. ಹೋದ ವರ್ಷದ ಕಾಫಿಯ ಕಥೆ ಅಲ್ಲಿಗೆ ಮುಗಿಯಿತು.

ಹುಣಸೆಮರದ ಕೆಳಗೆ ಪ್ರಭುದೇವ್ ಅಂಟುಕೈಯಲ್ಲಿ ನಿಂತು ಅಶ್ವಿನಿ ಮೇಡಂ ಜೊತೆ ಮಾತಾಡುತ್ತಿದ್ದ. “ಮೋಟರ್ ಬೋಟ್ ತಂದ್ರೆ ಎಲ್ಲಾರ್ನೂ ದಾಟಿಸ್ಬೋದು, ನಿಜ. ಆದ್ರೆ ಇಷ್ಟು ಜನ ಒಟ್ಟಿಗೆ ಹೋಗಿದ್ರೆ ನೋಡೋಕೆ ಅಲ್ಲಿ ಏನೂ ಇರ್ತಿರ್ಲಿಲ್ಲ ಅಲ್ವಾ ಮೇಡಂ” ಎಂದ. ಯಾರೋ ಕೇಳಿದ ಪ್ರಶ್ನೆಗೆ ಉತ್ತರ ಕೊಡುವವನ ಹಾಗೆ. ಅವರು ತಲೆಯಾಡಿಸಿ, “ನಾನು ಬರೆಯೋದು ಅದನ್ನೇ, ದಿಬ್ಬ ಸಂಘಕ್ಕೇ ಇರಲಿ ಅಂತ. ಆದ್ರೆ ನನಗೆ ಒಂದು ಅನುಮಾನ ಉಳಿದಿದೆ. ಇವತ್ತು ಬೀಗರು ಇದ್ದರು. ನಾಳೆ?” ಎಂದರು. ಮಂಗಳಾಗೆ ಕೇಳಿಸಿತು.

ಆಟೋ ಬಂತು. ಗಂಗರತ್ನಮ್ಮ ಬೀಗರ ಕೈಗೆ ಹಲಸಿನ ತೊಳೆ, ಚಟ್ನಿಯ ಡಬ್ಬ ಕಟ್ಟಿಕೊಟ್ಟಳು. ಸಿದ್ದಗಂಗಯ್ಯ ಒಂದು ಕಾಲು ಆಟೋದೊಳಗಿಟ್ಟು ತಿರುಗಿದರು.

“ಮಂಗಳಮ್ಮ, ಮುಂದಿನ ಭಾನುವಾರ ಬತ್ತೀನಿ. ನಮ್ಮೋಳ್ನೂ ಕರ್ಕಂಡು. ಮೊದಲನೇ ಪಂಕ್ತಿ ನಂದೇ.”

ಗಂಗರತ್ನಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು.

“ಇಲ್ಲ ಮಾವ” ಎಂದಳು ಮಂಗಳಾ. ಅಂಗೈ ಎತ್ತಿದಳು, ಈ ಸಲ ಅದು ಬಗ್ಗಲಿಲ್ಲ. “ಭಾನುವಾರ ತುಂಬೋಗೈತೆ. ಬುಧವಾರ ಎರಡೆಲೆ ಐತೆ. ಫೋನ್ ಮಾಡಿ ಬನ್ನಿ.”

ಸಿದ್ದಗಂಗಯ್ಯ ಅವಳನ್ನು ನೋಡಿದರು. ಅವಳ ಹಿಂದೆ ಎರಡು ಮರಗಳ ನಡುವೆ ಅವರೇ ಕಟ್ಟಿದ ಹಗ್ಗ ಬಿಸಿಲಿಗೆ ಸಡಿಲಾಗಿ ತೂಗುತ್ತಿತ್ತು.

“ಹಗ್ಗ ಸಡ್ಲ ಆಗೈತೆ ನೋಡು, ಬಿಗಿ ಮಾಡು” ಎಂದರು. ಆಟೋದಲ್ಲಿ ಕೂತು, ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು, “ಬುಧವಾರ ಎರಡೆಲೆ ನಮ್ದು, ಬೇರೆಯೋರಿಗೆ ಕೊಟ್ಟೀಯ” ಎಂದರು.

ಆಟೋ ಏರಿಯ ತಿರುವಿನಲ್ಲಿ ಮರೆಯಾಯಿತು. ಅಶ್ವಿನಿ ಮೇಡಂ ಜೀಪಿನ ಕಡೆ ನಡೆಯುತ್ತ ಗಂಗರತ್ನಮ್ಮನನ್ನು ಕೇಳಿದರು, “ಏನಮ್ಮ, ಇಲ್ಲ ಅನ್ನೋಕೆ ಬರಲ್ಲ ಅಂದಿದ್ರಿ?”

“ಬಂದ್ಬುಡ್ತು ಕಣಮ್ಮ” ಎಂದಳು ಗಂಗರತ್ನಮ್ಮ. “ಇನ್ ಮ್ಯಾಲೆ ಮನೇಲಿ ನಮ್ ಗತಿ ಏನೋ.”

ಮಂಗಳಾ ಆಗಲೇ ಹೊಂಗೆಮರದ ಬುಡದಲ್ಲಿ ಕೂತು ಹಗ್ಗ ಬಿಗಿಯುತ್ತಿದ್ದಳು.